ಒಂದು ಕಾಲು ಮಾತ್ರ ಊದಿದಾಗ

ಬಾಣಂತಿಗೆ ಎಡಗಾಲಿನ ಮೀನಖಂಡ ನೋಯುತ್ತಿತ್ತು. ಜೊತೆಗೆ ಚಳಿ. ಮಗುವಿಗಿನ್ನೂ ಎರಡು ವಾರ ತುಂಬಿರಲಿಲ್ಲ.

"ಮಲಗೇ ಇರು, ಓಡಾಡಿದ್ರೆ ಹೊಲಿಗೆ ಬಿಚ್ಚುತ್ತೆ" ಅಂದರು ಅತ್ತೆ.

"ಮಲಗಿ ಮಲಗೀ ಕಾಲು ಜೋಮು ಹಿಡಿದಿದೆ, ಎದ್ದು ನಡಿ" ಅಂದ ಗಂಡ.

ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಬಾಣಂತಿ ಮಂಚದ ಅಂಚಿನಲ್ಲಿ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಚಳಿ ಹಾಲು ಕಟ್ಟಿದ್ದಕ್ಕೋ? ನೋವು ಹೆರಿಗೆಯದೇ ಉಳಿಕೆಯೋ? ತನ್ನ ಮೈಯೇ ಗುರುತಿಲ್ಲದ ಊರಾಗಿತ್ತು ಅವಳಿಗೆ. ಯಾವ ಬೀದಿ ಎಲ್ಲಿಗೆ ಹೋಗುತ್ತದೋ.

ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿ ಎಣ್ಣೆ ಬಿಸಿ ಮಾಡಿ ತಂದರು. "ಚೆನ್ನಾಗಿ ನೀವಿದ್ರೆ ನೋವು ಹೇಳದೆ ಕೇಳದೆ ಓಡುತ್ತೆ."

ಅಷ್ಟರಲ್ಲಿ ಹೊಲಿಯಲು ಕೊಟ್ಟ ಬಟ್ಟೆ ಕೇಳಲು ಪಕ್ಕದ ಮನೆಯ ನರ್ಸಕ್ಕ ಬಂದಳು.

"ತಡೀರಿ ಚಿಕ್ಕಮ್ಮ, ನೀವಬೇಡಿ. ಆ ಕಾಲು ಊದಿದ ಹಾಗಿದೆ."

"ಹೆತ್ತವಳ ಕಾಲು ಊದದೆ ನಿನ್ನ ಕಾಲು ಊದುತ್ತಾ?"

"ಒಂದೇ ಕಾಲು ಊದಬಾರದು."

"ಎರಡೂ ಒಂದೇ ಥರ ಇವೆ. ನನ್ನ ಕಣ್ಣಿಗೇನೂ ಪೊರೆ ಬಂದಿಲ್ಲ."

ನರ್ಸಕ್ಕನ ಮಾತು ಸುಳ್ಳು ಮಾಡಲೆಂದೇ ಅತ್ತೆ ಕೊರಳಲ್ಲಿದ್ದ ಟೇಪು ತೆಗೆದರು. ಬಲಗಾಲು ಅಳೆದರು, ಎಡಗಾಲು ಅಳೆದರು. ಟೇಪು ಸರಿಪಡಿಸಿಕೊಂಡು ಮತ್ತೆ ಅಳೆದರು. ಎಡಗಾಲಿನ ಸುತ್ತಳತೆ ಎರಡು ಬೆರಳಷ್ಟು ಹೆಚ್ಚು. ಎಣ್ಣೆ ಬಟ್ಟಲನ್ನು ಮೆಲ್ಲಗೆ ದೂರ ಸರಿಸಿದರು.

ನರ್ಸಕ್ಕ ಸೊಸೆಯ ಹಣೆ ಮುಟ್ಟಿದಳು. ಸುಡುತ್ತಿತ್ತು. "ಹೋಗೋ ರಕ್ತಕ್ಕೆ ಕೆಟ್ಟ ವಾಸನೆ ಇದೆಯೇನಮ್ಮ?"

"ಇದೆ. ಎಲ್ಲರಿಗೂ ಹಾಗೇ ಇರುತ್ತೇನೋ ಅಂದ್ಕೊಂಡೆ. ಯಾರನ್ನ ಕೇಳಲಿ?"

"ಅದು ಸೋಂಕು ಇರಬಹುದು. ಕಾಲಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಕುತ್ತು. ಈಗಲೇ ಹೊರಡಿ."

ಅತ್ತೆಗೆ ತಲೆ ಗಿರ್ರೆಂದಿತು. "ಹೆರಿಗೆ ದಿನ ಆಸ್ಪತ್ರೇಲಿ ರಕ್ತ ನಿಲ್ಲದಿದ್ರೆ ಅಪಾಯ ಅಂದ್ರು. ಈಗ ಹೆಪ್ಪುಗಟ್ಟಿದ್ರೂ ಅಪಾಯ ಅಂತೀಯ. ಆ ರಕ್ತ ತಾನೇ ಏನು ಮಾಡಬೇಕು, ಪಾಪ?"

"ಗಾಯದಲ್ಲಿ ಹೆಪ್ಪುಗಟ್ಟಬೇಕು ಚಿಕ್ಕಮ್ಮ, ನಾಳದೊಳಗಲ್ಲ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ಮೈ ಬೇಗ ಹೆಪ್ಪುಗಟ್ಟಿಸೋಕೆ ತಯಾರಾಗಿರುತ್ತೆ. ಕೆಲವರಿಗೆ ಆ ತಯಾರಿಯೇ ಮುಳುವಾಗುತ್ತೆ."

ಅತ್ತೆಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೂ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲಿಗೆ ಬಂದವರು ಅವರೇ. ಗಂಡ ಆಟೋ ತಂದ.

ವೈದ್ಯರು ಪರೀಕ್ಷೆ ಮಾಡಿ ನೋಡಿದರೆ ಎರಡೂ ನಿಜ. ಕಾಲಿನ ನಾಳದಲ್ಲಿ ಹೆಪ್ಪು, ಗರ್ಭಕೋಶದಲ್ಲಿ ಸೋಂಕು. ಸಕಾಲಕ್ಕೆ ಇಂಜೆಕ್ಷನ್, ಔಷಧಿ ಸಿಕ್ಕಿತು. ಸೊಸೆ ಉಳಿದಳು. ಈಗ ಅತ್ತೆ, ಅಳತೆ ಕೊಡಲು ಬರುವ ಗರ್ಭಿಣಿಯರಿಗೆಲ್ಲ ಇದನ್ನು ಹೇಳಿಯೇ ಕಳಿಸುವುದು.

ಅಕ್ಕಂದಿರೇ, ಅಮ್ಮಂದಿರೇ, ಮನೆಯ ಗಂಡಸರೇ, ಬಾಣಂತಿಗೆ ಒಂದೇ ಕಾಲು ಊದಿ ನೋಯುವುದು, ಎದೆ ನೋವು, ಉಸಿರಾಟದ ಕಷ್ಟ, ಚಳಿಜ್ವರ, ಕೆಟ್ಟ ವಾಸನೆ, ವಿಪರೀತ ರಕ್ತಸ್ರಾವ, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ಏನಾಗಿದೆಯೆಂದು ನಿಮಗೆ ಗೊತ್ತಿರಬೇಕಿಲ್ಲ. ಗೊಂದಲ ಕಳೆಯಲಿ ಎಂದು ಮನೆಯಲ್ಲಿ ಕಾಯಬೇಡಿ. ಗೊಂದಲವನ್ನು ಹೊತ್ತುಕೊಂಡೇ ಆಸ್ಪತ್ರೆಗೆ ಹೋಗಿ.