ನೀರು ನೋಡುವವಳು

ತೂಬಿನ ಪಕ್ಕ ಜೊಂಡಿನ ಮರೆಯಲ್ಲಿ ಕುಳಿತು ಕುಳಿತು ಅವಳ ಕಾಲು ಜೋಮು ಹಿಡಿದಿತ್ತು. ಆದರೂ ಏಳಲಿಲ್ಲ. ಹೊಳೆಯಲ್ಲಿ ಉಬ್ಬರ ಏರುತ್ತಿತ್ತು. ಕಡಲಿನ ಉಪ್ಪುನೀರು ಕಾಲುವೆಗೆ ನುಗ್ಗದಂತೆ ಈ ಹೊತ್ತಿಗೆ ತೂಬಿನ ಹಲಗೆ ಇಳಿಸಬೇಕಾದವನು ಅವಳ ಮೈದುನ. ಅವನು ಇಳಿಸುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಇವತ್ತು ಕಣ್ಣಾರೆ ನೋಡಿ ಹಿಡಿಯಬೇಕು, ಅಷ್ಟೇ.

ಹದಿನೈದು ದಿನದ ಹಿಂದೆ ಅವಳ ದೊಡ್ಡ ಎಮ್ಮೆ ಏಳು ತಿಂಗಳಿಗೇ ಗಬ್ಬ ಇಳಿದು ಕಂದು ಹಾಕಿತ್ತು. ದನದ ಡಾಕ್ಟರು ನೀರಿನಲ್ಲಿರುವ ಉಪ್ಪೇ ಕಾರಣ ಎಂದು ಹೇಳಿ ಹೋದರು. ಕಾಲುವೆಯ ನೀರನ್ನು ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ನೋಡುತ್ತಿದ್ದವಳು ಅವಳೇ. ಒಂದು ಬೊಗಸೆ ಬಾಯಿಗೆ ಹಾಕಿ ನುಂಗಿದಳೆಂದರೆ ಓಣಿಯ ಎಮ್ಮೆಗಳೆಲ್ಲ ನೀರಿಗೆ ಇಳಿಯಬಹುದು, ಉಗಿದಳೆಂದರೆ ವಾಪಸು. ಓಣಿಯವರು ಅವಳನ್ನು ನಾಲಿಗೆಯಮ್ಮ ಎನ್ನುತ್ತಿದ್ದರು. ನೀರಿನ ರುಚಿಗೋ ಅವಳ ಮಾತಿನ ಖಾರಕ್ಕೋ, ಎದುರಿಗೆ ನಿಂತು ಬಿಡಿಸಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ನೀರು ಸಿಹಿಯಾಗಿಯೇ ಇರುತ್ತಿತ್ತು. ಹಾಗಾದರೆ ಉಪ್ಪು ಬರುವುದು ಅವಳು ಮನೆಗೆ ಹೋದ ಮೇಲೆ. ಕಾಲುವೆಯಾಚೆ ಸಿಗಡಿ ಸಾಕುವವರಿಗೆ ಉಪ್ಪುನೀರೇ ಬೇಕು. ಮೈದುನನ ಮನೆಯಿಂದ ವಾರಕ್ಕೆರಡು ಸಲ ಸಿಗಡಿ ಬೇಯುವ ವಾಸನೆ. ಇನ್ನೇನು ಸಾಕ್ಷಿ ಬೇಕು? ಕೊಟ್ಟಿಗೆಯಲ್ಲಿದ್ದ ಕಿರಿಯ ಎಮ್ಮೆಗೂ ಈಗ ಏಳನೆಯ ತಿಂಗಳು. ಅದೂ ಕಂದು ಹಾಕಿದರೆ ಕೊಟ್ಟಿಗೆಗೆ ಬೀಗ ಹಾಕುವುದೊಂದೇ ಬಾಕಿ.

ಮೈದುನ ಬಂದ. ಹಲಗೆಯನ್ನು ಪೂರ್ತಿ ಇಳಿಸಿದ. ಆಮೇಲೆ ಸೊಂಟದ ಮಟ್ಟದ ನೀರಿಗಿಳಿದು ಸಂದುಗಳಿಗೆಲ್ಲ ಜೇಡಿಮಣ್ಣು ಮೆತ್ತತೊಡಗಿದ.

"ಹೊರಗೆ ಬನ್ನಿ ಅತ್ತಿಗೆ, ಸೆರಗು ರಸ್ತೆಗೇ ಕಾಣುತ್ತೆ," ಎಂದ, ತಿರುಗಿ ನೋಡದೆ.

"ನಾನಿದ್ದೀನಿ ಅಂತ ಗೊತ್ತಾಗಿ ನಾಟಕ ಆಡ್ತಿದ್ದೀಯ."

"ಆರು ತಿಂಗಳಿಂದ ದಿನಾ ಇದೇ ನಾಟಕ. ಎಷ್ಟು ಮೆತ್ತಿದ್ರೂ ನಿಲ್ಲಲ್ಲ. ಹೊಳೇಲಿ ಮೊದಲಿನ ಸೆಳೆತ ಇಲ್ಲ, ಕಡಲು ಮೇಲೆ ಮೇಲೆ ಬರ್ತಿದೆ. ಡಾಕ್ಟರು ಹೇಳಿದ ಉಪ್ಪು ನೆಲದಡಿಯಿಂದಲೇ ಬರ್ತಿರ್ಬೇಕು."

"ಈ ನೀರಲ್ಲಿ ಉಪ್ಪಾ?" ಅವಳು ಕಾಲುವೆಯಿಂದ ಒಂದು ಬೊಗಸೆ ತೆಗೆದು ನುಂಗಿದಳು. "ಸಿಹಿ."

ಅವನೂ ಒಂದು ಬೊಗಸೆ ಬಾಯಿಗೆ ಹಾಕಿದ. ತಕ್ಷಣ ಉಗಿದ. ಆಮೇಲೆ ಅವಳ ಮುಖವನ್ನೇ ನೋಡಿದ.

"ನೀವು ನೋಡ್ತೀರಲ್ಲ ಅಂತ ನಾವ್ಯಾರೂ ಬಾಯಿಗೆ ಹಾಕ್ತಾನೇ ಇರ್ಲಿಲ್ಲ," ಎಂದ ಮೆಲ್ಲಗೆ.

"ಉಗಿದು ತೋರ್ಸೋದು ಯಾರಿಗೆ ಬರಲ್ಲ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಅವಳು ಬಿರಬಿರನೆ ನಡೆದಳು. ಆದರೆ ತಲೆಯಲ್ಲಿ ಹುಳ ಹೊಕ್ಕಿತ್ತು.

ಮನೆಗೆ ಬಂದವಳೇ ಕುಡಿಯಲು ತರಿಸುವ ಟ್ಯಾಂಕರಿನ ನೀರನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದಕ್ಕೆ ಚಿಟಿಕೆ ಉಪ್ಪು ಹಾಕಿದಳು. ಕುಡಿದಳು. ಎರಡೂ ಒಂದೇ. ಇನ್ನೊಂದು ಚಿಟಿಕೆ ಹಾಕಿದಳು. ಒಂದೇ. ಅರ್ಧ ಚಮಚ ಹಾಕಿದ ಮೇಲೂ ನಾಲಿಗೆ ಏನೂ ಹೇಳಲಿಲ್ಲ. ಒಲೆಯ ಮುಂದಿದ್ದ ಸೊಸೆ ಇದನ್ನೆಲ್ಲ ನೋಡುತ್ತಲೇ ಇದ್ದಳು.

"ನಾನು ಮಾಡೋ ಅಡುಗೇಲಿ ಉಪ್ಪು ಸರಿ ಇರುತ್ತಾ? ನಿಜ ಹೇಳು," ಎಂದು ಸೊಸೆಯನ್ನು ಕೇಳಿದಳು.

ಸೊಸೆ ಸೌಟು ಕೆಳಗಿಟ್ಟಳು. "ಹೋದ ಮಳೆಗಾಲದಿಂದ ನಾನೇ ನೀರು ಬೆರೆಸ್ತಿದ್ದೀನಿ ಅತ್ತೆ. ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ನಿದ್ದೆ."

ಎಂದಿನಂತೆ ರೇಗುವ ಬದಲು ಅವಳು ಲೋಟದ ಉಪ್ಪುನೀರನ್ನು ಬಚ್ಚಲಿಗೆ ಚೆಲ್ಲಿದಳು. ನೀರು ದಿನಕ್ಕಿಷ್ಟು ದಿನಕ್ಕಿಷ್ಟು ಉಪ್ಪಾಗುತ್ತ ಹೋಗಿತ್ತು, ಅವಳ ನಾಲಿಗೆಯೂ ಅದರ ಜೊತೆಗೇ ಹೋಗಿತ್ತು. ದೊಡ್ಡ ಎಮ್ಮೆ ಎಷ್ಟೋ ಬೆಳಿಗ್ಗೆ ಮೂತಿ ತಿರುಗಿಸಿದಾಗ, ಸೊಕ್ಕು ಎಂದು ಬೈದು, ಕತ್ತು ಒತ್ತಿ ಕುಡಿಸಿದವಳು ಅವಳೇ. ಅದು ನೆನಪಾಗಿ ಕೊಟ್ಟಿಗೆಗೆ ಹೋಗಿ ಅದೇ ಎಮ್ಮೆಯ ಮಗ್ಗುಲಲ್ಲಿ ನಿಂತು ಅತ್ತಳು.

ಮರುದಿನ ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ಓಣಿಯವರು ಎಮ್ಮೆಗಳನ್ನು ಹಿಡಿದು ಎಂದಿನಂತೆ ಅವಳಿಗಾಗಿ ಕಾಯುತ್ತಿದ್ದರು. ಅವಳು ನೀರಿಗೆ ಇಳಿಯಲಿಲ್ಲ. ತೂಬಿನ ಕಡೆಯಿಂದ ಬರುತ್ತಿದ್ದ ಮೈದುನನನ್ನು ಎಲ್ಲರಿಗೂ ಕೇಳುವಂತೆ ಕರೆದಳು.

"ಬಾರಪ್ಪ. ಇವತ್ತಿಂದ ನೀನು ನೋಡಿ ಹೇಳು. ನನಗೆ ತಿಳಿಯಲ್ಲ."

ಮೈದುನ ಬಗ್ಗಿ ಬೊಗಸೆ ತುಂಬಿ ನೀರನ್ನು ಬಾಯಿಗೆ ಹಾಕಿದ. ಬಾಯಾರಿದ ಕಿರಿಯ ಎಮ್ಮೆ ನೀರಿನ ಕಡೆ ಕತ್ತು ಚಾಚಿ ಎಳೆಯಿತು. ಅವಳು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿ ಹಿಡಿದು, ಅವನ ಗಂಟಲನ್ನೇ ನೋಡುತ್ತ ನಿಂತಳು.