ಮೇಲಿನ ರಸ್ತೆ ಮುಚ್ಚಿದೆ

ಬೆಟ್ಟದ ರಸ್ತೆ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯಬೇಕಾದವರು ಒಂದು ನಂಬರಿಗೆ ಫೋನ್ ಮಾಡುತ್ತಾರೆ. ಆಗ ಒಬ್ಬ ಹೆಂಗಸಿನ ದನಿ "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡುತ್ತದಲ್ಲ, ಅದು ನಾನು. ರಸ್ತೆ ಇಲಾಖೆಯ ಕಚೇರಿಯಲ್ಲಿ ಮೆಟ್ಟಿಲ ಕೆಳಗಿನ ಕೋಣೆ ನನ್ನದು. ಒಂದು ಮೇಜು, ಒಂದು ಮೈಕು, ಹೊರಗಿನ ಸದ್ದು ಬರದಿರಲಿ ಎಂದು ಗೋಡೆಗೆ ಬಡಿದ ಹಳೆಯ ಕಂಬಳಿ. ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಹೇಳಿದ್ದನ್ನು ನಾನು ಮೈಕಿಗೆ ಹೇಳುತ್ತೇನೆ, ದಿನವಿಡೀ ಊರು ಅದನ್ನು ಕೇಳುತ್ತದೆ. ಸಂಬಳ ಎಷ್ಟೆಂದು ಕೇಳಬೇಡಿ, ಆ ಕಂಬಳಿಯನ್ನು ನೋಡಿದರೆ ಅಂದಾಜಾಗುತ್ತದೆ.

ಊರಿನಲ್ಲಿ ಆ ದನಿಯನ್ನು ಎಲ್ಲರಿಗಿಂತ ಹೆಚ್ಚು ನಂಬುವವರು ನನ್ನ ಅಪ್ಪ. ನಂಬುವುದು ಫೋನಿನ ದನಿಯನ್ನು, ನನ್ನನ್ನಲ್ಲ. ಇಬ್ಬರೂ ಒಂದೇ ಮೇಜಿನಲ್ಲಿ ತಿಂಡಿ ತಿನ್ನುತ್ತೇವೆ, ಆದರೆ ರಸ್ತೆಯ ವಿಷಯ ಅಪ್ಪಿತಪ್ಪಿಯೂ ನನ್ನ ಹತ್ತಿರ ಎತ್ತುವುದಿಲ್ಲ. ನಾನು ಕಚೇರಿ ಸೇರುವ ತನಕ ಕಾದು, ಫೋನ್ ಹಚ್ಚಿ, ಪ್ರಕಟಣೆಯನ್ನು ಕೊನೆಯ "ಧನ್ಯವಾದ"ದವರೆಗೆ ಕೇಳಿ ಕೆಳಗಿಡುತ್ತಾರೆ. "ಮನೇಲಿ ನೀನು ಮಗಳು, ಫೋನಲ್ಲಿ ನೀನು ಇಲಾಖೆ" ಎನ್ನುವುದು ಅವರ ವಾದ. ಆಯುಷ್ಯವೆಲ್ಲ ಅದೇ ರಸ್ತೆಯಲ್ಲಿ ಬಸ್ಸು ಓಡಿಸಿದವರು. ಒಮ್ಮೆ ರಸ್ತೆ ಮುಚ್ಚಿದೆ ಎಂದು ಇಲಾಖೆ ಹೇಳಿದ್ದಕ್ಕೆ ಬಸ್ಸನ್ನು ನಡುದಾರಿಯಲ್ಲೇ ನಿಲ್ಲಿಸಿ, ಪ್ರಯಾಣಿಕರಿಂದ ಬಾಯಿಗೆ ಬಂದಹಾಗೆ ಬೈಸಿಕೊಂಡಿದ್ದರಂತೆ. ಅವತ್ತೇ ಮುಂದಿನ ತಿರುವಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿಂದ ಅವರಿಗೆ ಇಲಾಖೆಯ ಮಾತೆಂದರೆ ಕೆತ್ತಿಟ್ಟ ಕಲ್ಲು.

ಚಳಿಗಾಲ ಮುಗಿದು ಹಿಮ ಕರಗಿದರೆ ಅಪ್ಪ ಮೇಲಿನ ಕೆರೆಗೆ ಮೀನು ಹಿಡಿಯಲು ಹೋಗಬೇಕು. ಈ ವರ್ಷ ಅದಕ್ಕೆ ಅವಸರವಿತ್ತು. ಸೋಮವಾರ ಅವರ ಮಂಡಿಗೆ ಆಪರೇಷನ್. ಅದಾದ ಮೇಲೆ ಕಾರು ಬೇಕಾದರೆ ಓಡಿಸಿ, ಬಂಡೆ ಇಳಿದು ನೀರಿನ ಹತ್ತಿರ ಹೋಗುವ ಆಸೆ ಮಾತ್ರ ಬಿಟ್ಟುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಪ್ಪ ವಾದಿಸಲಿಲ್ಲ. ಗಾಳದ ಕೋಲುಗಳನ್ನು ಒರೆಸಿ ಬಾಗಿಲ ಮೂಲೆಗೆ ನಿಲ್ಲಿಸಿ, ದಿನಾ ಫೋನ್ ಮಾಡತೊಡಗಿದರು. ಇಡೀ ವಾರ ನಾನು ಅವರಿಗೆ ಹೇಳಿದ್ದು ಒಂದೇ: "ಹಿಮ ಜಾರುವ ಅಪಾಯವಿರುವುದರಿಂದ ಮೇಲಿನ ರಸ್ತೆಯನ್ನು ಮುಚ್ಚಲಾಗಿದೆ."

ಶುಕ್ರವಾರ ಮಧ್ಯಾಹ್ನ ನನ್ನ ಮೇಜಿನ ಫೋನ್ ಬಡಿದುಕೊಂಡಿತು. ಮೇಲಿನ ಗೇಟಿನಲ್ಲಿರುವ ರಸ್ತೆ ಮೇಸ್ತ್ರಿ. ಅವನು ಯಾವಾಗಲೂ ಸಾಹೇಬರಿಗೆ ಫೋನ್ ಮಾಡುವವನು, ನನಗಲ್ಲ.

"ಏನಮ್ಮಾ, ಜನಕ್ಕೆಲ್ಲ ಏನಾಗಿದೆ? ರಸ್ತೆ ತೆರೆದು ವಾರ ಆಯ್ತು, ಒಂದು ನರಪಿಳ್ಳೆ ಈ ಕಡೆ ಬಂದಿಲ್ಲ. ಗೇಟು ಎತ್ತಿಟ್ಟು ಆಕಳಿಸ್ತಾ ಕೂತಿದ್ದೀನಿ."

"ತೆರೆದಿದೆಯಾ? ಹಿಮ?"

"ಯಾವ ಹಿಮ? ರಸ್ತೆ ಒಣಗಿ ಧೂಳು ಏಳ್ತಿದೆ. ಸಾಹೇಬ್ರನ್ನ ಕೇಳೋಣ ಅಂತ ಕೆರೆ ಹತ್ರ ಹೋದ್ರೆ, ಸದ್ದು ಮಾಡ್ಬೇಡ, ಮೀನು ಓಡ್ತವೆ ಅಂತ ನನ್ನನ್ನೇ ಓಡಿಸಿದ್ರು."

ಪಿತ್ತ ನೆತ್ತಿಗೇರುವುದು ಎಂದರೇನೆಂದು ನನಗೆ ಆಗ ತಿಳಿಯಿತು. ಸಾಹೇಬರು "ತಪಾಸಣೆ"ಗೆ ಹೋಗಿದ್ದಾರೆಂದು ಇಡೀ ಕಚೇರಿ ನಂಬಿತ್ತು. ದಿನಾ ಬೆಳಿಗ್ಗೆ ಅಲ್ಲಿಂದಲೇ ಫೋನ್ ಮಾಡಿ ನನ್ನಿಂದ ಪ್ರಕಟಣೆ ಹೇಳಿಸುತ್ತಿದ್ದರು. ಜೊತೆಗೆ ಭಾವಮೈದುನರನ್ನೂ ಕರೆದೊಯ್ದಿದ್ದರೆಂದು ಮೇಸ್ತ್ರಿಯೇ ಹೇಳಿದ. ಊರಿಗೆ ಊರನ್ನೇ ಕೆಳಗೆ ತಡೆದು, ಕೆರೆಯನ್ನು ತಮ್ಮಪ್ಪನ ಮನೆ ಆಸ್ತಿಯ ಹಾಗೆ ಅನುಭವಿಸುತ್ತಿದ್ದರು ಈ ಮಹಾನುಭಾವರು! ತಡೆಯಲು ಬೇಲಿ ಬೇಕಾಗಲಿಲ್ಲ, ಕಾವಲುಗಾರ ಬೇಕಾಗಲಿಲ್ಲ. ನನ್ನ ದನಿ ಸಾಕಾಯಿತು.

ಸಂಜೆ ಮನೆಗೆ ಹೋದವಳೇ ಚಪ್ಪಲಿಯನ್ನೂ ಬಿಡದೆ ಹೇಳಿದೆ. "ಅಪ್ಪಾ, ರಸ್ತೆ ತೆರೆದಿದೆ. ನಾಳೆ ಬೆಳಿಗ್ಗೆ ಹೊರಡು."

ಅಪ್ಪ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. "ಫೋನಲ್ಲಿ ಮುಚ್ಚಿದೆ ಅಂತಿದೆ."

"ಅದು ಸುಳ್ಳು. ಸಾಹೇಬ್ರು ಮೀನು ಹಿಡಿಯೋಕೆ ಹೇಳಿಸಿರೋ ಸುಳ್ಳು."

"ಇಲಾಖೆ ಸುಳ್ಳು ಹೇಳಲ್ಲ ಮಗಳೇ."

"ಇಲಾಖೆ ಅಂದ್ರೆ ನಾನೇ ಅಪ್ಪ! ಅದನ್ನ ಹೇಳಿದ್ದು ಈ ಬಾಯಿ!"

"ಹಾಗಾದ್ರೆ ಆ ಬಾಯಿಂದ ಅಲ್ಲೇ ಹೇಳು. ನಾನು ಕೇಳ್ತೀನಿ" ಎಂದು ಎಣ್ಣೆ ಬಾಟಲಿಗೆ ಮುಚ್ಚಳ ಹಾಕಿದರು. ಜಪ್ಪಯ್ಯ ಎಂದರೂ ಜಗ್ಗುವ ಆಸಾಮಿಯಲ್ಲ. ಸಿಟ್ಟು ಸಾಹೇಬರ ಮೇಲೋ ಅಪ್ಪನ ಮೇಲೋ ತಿಳಿಯದೆ, ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ.

ಶನಿವಾರ ಎಲ್ಲರಿಗಿಂತ ಮೊದಲು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ. ಮೈಕು ಹಚ್ಚಿ ಎಂದಿನ ದನಿಯಲ್ಲೇ ಹೇಳಿದೆ. "ಪ್ರಯಾಣಿಕರ ಗಮನಕ್ಕೆ. ಮೇಲಿನ ರಸ್ತೆ ತೆರೆದಿದೆ. ಕಳೆದ ಒಂದು ವಾರದಿಂದಲೂ ತೆರೆದೇ ಇದೆ. ಮುಚ್ಚಿದೆ ಎಂದು ಹೇಳಿಸಿದವರು ಇಂಜಿನಿಯರ್ ಸಾಹೇಬರು. ಅವರು ಸದ್ಯ ಕೆರೆಯ ದಡದಲ್ಲಿ ಸಿಗುತ್ತಾರೆ, ಕಾರಣವನ್ನು ಅವರಲ್ಲೇ ವಿಚಾರಿಸಬಹುದು. ಧನ್ಯವಾದ." ಇಷ್ಟು ವರ್ಷಗಳಲ್ಲಿ ಆ "ಧನ್ಯವಾದ"ವನ್ನು ನಾನು ಅಷ್ಟು ಮನಸಾರೆ ಹೇಳಿದ್ದಿಲ್ಲ.

ಕಾರುಗಳು ಬೆಟ್ಟ ಹತ್ತಿದ ಸುದ್ದಿ ಸಾಹೇಬರು ಕೂಗಾಡಿದ ಮೇಲೆ ಗೊತ್ತಾಯಿತು. ಅವರು ಕೂಗಾಡಿದ್ದು ಹೆಡ್ ಕ್ಲರ್ಕರ ಫೋನಿನಲ್ಲಿ, ಮೆಟ್ಟಿಲ ಕೆಳಗಿನ ನನಗೂ ಕೇಳಿಸುವಷ್ಟು. ಸ್ವಲ್ಪ ಹೊತ್ತಿಗೆ ಹೆಡ್ ಕ್ಲರ್ಕ್ ಬಂದು ಬಾಗಿಲಲ್ಲಿ ನಿಂತರು. ಮುಖ ಸಪ್ಪಗಿತ್ತು.

"ಬ್ಯಾಗು ತಗೊಂಡು ಹೊರಡಮ್ಮ. ಸೋಮವಾರದಿಂದ ಬರೋದು ಬೇಡ ಅಂದಿದ್ದಾರೆ."

"ತಪ್ಪು ಹೇಳಿದ್ನಾ ಸಾರ್?"

"ಅದನ್ನ ನನ್ನ ಕೇಳ್ಬೇಡ, ನನಗೂ ಹೆಂಡ್ತಿ ಮಕ್ಕಳಿದ್ದಾರೆ" ಎಂದು ನನ್ನ ಕುರ್ಚಿಯಲ್ಲಿ ಕೂತು, ಮೈಕಿನ ಪಕ್ಕದ ಗುಂಡಿಗಳನ್ನು ಒತ್ತತೊಡಗಿದರು. ನಾನು ನೀರಿನ ಬಾಟಲಿ, ಊಟದ ಡಬ್ಬಿ, ಛತ್ರಿ ಎತ್ತಿಕೊಂಡು ಬೀದಿಗೆ ಬಂದೆ. ಎದುರಿನ ಕ್ಷೌರದಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಕನ್ನಡಿ ಒರೆಸುತ್ತಿದ್ದ. ಅಷ್ಟರಲ್ಲಿ ಅಪ್ಪನ ಫೋನು.

"ಏನು ತಮಾಷೆ ಇದು? ಬೆಳಿಗ್ಗೆ ತೆರೆದಿದೆ ಅಂದೆ. ಗಾಡಿಗೆ ಎಲ್ಲ ತುಂಬಿ, ಹೊರಡೋ ಮುಂಚೆ ಇನ್ನೊಂದ್ಸಲ ಕೇಳೋಣ ಅಂತ ಮಾಡಿದ್ರೆ ಹಿಮ ಜಾರುತ್ತೆ, ಮುಚ್ಚಿದೆ ಅಂತಿದ್ದೀಯಲ್ಲ!"

"ಅದು ನಾನಲ್ಲ ಅಪ್ಪ."

"ನಿನ್ನದೇ ದನಿ. ನನಗೆ ಗೊತ್ತಾಗಲ್ವಾ?"

"ನನ್ನದೇ ದನಿ!" ನಾನು ಬೀದಿಯಲ್ಲೇ ಕಿರುಚಿದೆ. ಕ್ಷೌರದವನು ತಿರುಗಿ ನೋಡಿದ, ನೋಡಲಿ. "ಹಳೇ ರೆಕಾರ್ಡು ಹಾಕಿದ್ದಾರೆ. ನನ್ನನ್ನ ಹೊರಗೆ ಹಾಕಿ, ನನ್ನ ದನೀನ ಒಳಗಿಟ್ಕೊಂಡಿದ್ದಾರೆ! ಇನ್ನು ಅವ್ರು ಎಷ್ಟು ದಿನ ಬೇಕಾದ್ರೂ ನನ್ನ ಬಾಯಲ್ಲಿ ಸುಳ್ಳು ಹೇಳಿಸಬಹುದು. ನೀನು ಅದನ್ನ ಕೇಳ್ಕೊಂಡು ಮನೇಲಿ ಕೂತ್ಕೋಬಹುದು!"

ಅಳು ಬರುತ್ತಿತ್ತು, ಆ ಕಚೇರಿಯ ಮುಂದೆ ಅಳಬಾರದೆಂದು ಹಲ್ಲು ಕಚ್ಚಿ ನಿಂತೆ.

"ನನ್ನ ಮಗಳ ದನೀಲಾ?" ಎಂದರು ಅಪ್ಪ. ಬಸ್ಸಿನಲ್ಲಿ ಅಷ್ಟು ಬೈಸಿಕೊಂಡಾಗಲೂ ಅಪ್ಪ ಯಾರ ಮೇಲೂ ದನಿ ಎತ್ತಿದವರಲ್ಲ. ಈಗ ಅವರ ದನಿ ಬಿರುಸಾಗಿತ್ತು. "ಎಲ್ಲಿದ್ದೀಯಾ?"

"ಕಚೇರಿ ಮುಂದೆ."

"ಅಲ್ಲೇ ನಿಂತಿರು."

ನಮ್ಮ ಹಳೆಯ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿತು. ಗಾಳದ ಕೋಲುಗಳು ಕಿಟಕಿಯಿಂದ ಹೊರಗೆ ಚಾಚಿದ್ದವು. ಅಪ್ಪ ನನ್ನ ಮುಂದೆ ನಿಲ್ಲಿಸಿ, ಬಾಗಿ ಆಚೆ ಬದಿಯ ಬಾಗಿಲು ತೆಗೆದರು. ನಾನು ಹತ್ತಿ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವರು ಕೂಡಲೇ ಹೊರಡಲಿಲ್ಲ. ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ನನ್ನ ಕಡೆ ತಿರುಗಿದರು.

"ಹೇಳು ಮಗಳೇ, ಮೇಲಿನ ರಸ್ತೆ ತೆರೆದಿದೆಯಾ?"

"ತೆರೆದಿದೆ ಅಪ್ಪ."

"ಸರಿ" ಎಂದು ಅಪ್ಪ ಗೇರ್ ಹಾಕಿದರು.