ಶಿವನಿಯ ಮೊದಲ ಮನೆ

ಹಾಡಿನ ಪುಸ್ತಕಗಳ ಗಂಟಿನ ಹುರಿಯನ್ನು ಅನುಪಮಾ ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿರುವಾಗಲೇ ಗೇಟಿನ ಹೊರಗೆ ಗೂಡ್ಸ್ ಆಟೋ ಒಂದು ಬಂದು ನಿಂತಿತು. ಹಿಂದಿನ ಹಲಗೆ ಬಿಚ್ಚಿದ್ದೇ ಮೊದಲು ಹಾರ್ಮೋನಿಯಂ ಇಳಿಯಿತು, ಆಮೇಲೆ ತಬಲಾದ ಜೋಡಿ, ಆಮೇಲೆ ಹಣೆ ತುಂಬ ವಿಭೂತಿ ಧರಿಸಿದ ಆರೇಳು ಗಂಡಸರು. ಕೊನೆಗೆ ಮುಂದಿನ ಸೀಟಿನಿಂದ, ಇಬ್ಬರ ಹೆಗಲು ಹಿಡಿದುಕೊಂಡು, ಒಬ್ಬ ಮುದುಕಿ.

ಶಾಮಿಯಾನದ ಕೆಳಗೆ ಕೂತಿದ್ದವರೆಲ್ಲ ಕತ್ತು ತಿರುಗಿಸಿದರು. ಒಳಗೆ ನಡುಮನೆಯಲ್ಲಿ ಮಿತ್ರಣ್ಣ ಪೆಟ್ಟಿಗೆಯೊಳಗೆ ಬಿಳಿ ಅಂಗಿ ತೊಟ್ಟು ಮಲಗಿದ್ದರು. ಪೂರ್ತಿ ಹೆಸರು ಜ್ಞಾನಮಿತ್ರ. ಹೊಟ್ಟೆಪಾಡಿಗೆ ಕೆಂಪು ಬಸ್ಸಿನ ಕಂಡಕ್ಟರಿಕೆ. ಸಂಬಳವಿಲ್ಲದ ಇನ್ನೊಂದು ಕೆಲಸವೆಂದರೆ ಕಡೂರಿನ ಪುಟ್ಟ ಚರ್ಚಿನ ಯುವಜನ ಸಂಘವನ್ನು ನಡೆಸುವುದು. ಮೊದಲನೆಯದರಿಂದ ರಿಟೈರಾದರೂ ಎರಡನೆಯದರಿಂದ ಆಗಿರಲಿಲ್ಲ. ಹೋದ ವರ್ಷ ಎದೆನೋವು ಬಂದ ಮೇಲಷ್ಟೆ ಸಂಘವನ್ನು ಅನುಪಮಾಳ ಕೈಗೆ ಹಾಕಿದ್ದರು.

"ಶಿವನಿಯಿಂದ ಬಂದ್ವಿ ಅಕ್ಕಾರೆ," ಹಾರ್ಮೋನಿಯಂ ಹೊತ್ತಿದ್ದ ಓಂಕಾರೇಶ್ ಅನುಪಮಾಳಿಗೆ ಹೇಳಿದ. "ನಮ್ಮಜ್ಜಿದು ಬೆಳಗಿಂದ ಒಂದೇ ಹಟ. ಮಿತ್ರಣ್ಣಾರಿಗೆ ಹಾಡ್ಬೇಕು, ಭಜನೆ ಮೇಳ ಕರ್ಕೊಂಡು ನಡೀರಿ ಅಂತ."

ಚರ್ಚಿನ ಕಾರ್ಯದರ್ಶಿ ಜಯಶೀಲ ಮಾಸ್ತರು ಗೇಟಿನ ಹತ್ತಿರವೇ ಇದ್ದರು. ಮುದುಕಿಯ ಮುಖ ಕಂಡದ್ದೇ ಅವರು ಶಾಮಿಯಾನದ ಕಂಬದ ಮರೆಗೆ ಒಂದು ಹೆಜ್ಜೆ ಸರಿದದ್ದನ್ನು ಅನುಪಮಾ ಗಮನಿಸಿದಳು. ಎಂಥವರ ಮುಂದೆಯೂ ಎದೆ ಸೆಟೆದು ನಿಲ್ಲುವ ಮಾಸ್ತರು! ಮರುಗಳಿಗೆ ಅವಳನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಬಂದಿದಾರೆ, ಸಂತೋಷ. ಕೂರ್ಲಿ, ಟೀ ಕುಡೀಲಿ. ಆದ್ರೆ ಪೆಟ್ಟಿಗೆ ಮುಂದೆ ಭಜನೆ ಅಂದ್ರೆ ಆಗಲ್ಲ. ನಮ್ಮದಕ್ಕೂ ಒಂದು ಕ್ರಮ ಅಂತ ಐತಲ್ಲ."

"ಪಾದ್ರಿ ಅಯ್ಯನವರನ್ನ ಕೇಳೋಣ್ವಾ ಮಾಸ್ತರೆ?"

"ಅಯ್ಯನವರು ಚಿಕ್ಕಮಗಳೂರಿಂದ ಬರೋಷ್ಟೊತ್ತಿಗೆ ಮೂರಾಗುತ್ತೆ. ಬಂದೋರು ಹಾಡಿನ ವಿಷ್ಯ ನಿನ್ನನ್ನೇ ಕೇಳೋದು. ಭಾನುವಾರ ಕಮಿಟಿ ಕೂರುತ್ತೆ, ನೆನಪೈತಲ್ಲ? ಸಂಘ ನಿನ್ನ ಕೈಲೇ ಬಿಡೋದೋ, ಬ್ಯಾರೆಯೋರಿಗೆ ವಹಿಸೋದೋ ಅಂತ. ಇವತ್ತು ಎಲ್ಲರ ಕಣ್ಣೂ ನಿನ್ ಮೇಲಿರ್ತಾವೆ. ಅಷ್ಟೇ ನಾನು ಹೇಳೋದು."

ಕಮಿಟಿಯ ಮಾತಿಗಿಂತ ಹಳೆಯದಾದ ಪ್ರಶ್ನೆಯೊಂದು ಅನುಪಮಾಳೊಳಗೆ ಎದ್ದು ಬಂತು. ಪ್ರತಿ ಡಿಸೆಂಬರಿನಲ್ಲೂ ಕ್ರಿಸ್‌ಮಸ್ ಹಾಡು ಹಾಡುತ್ತ ಮನೆಮನೆ ತಿರುಗುವಾಗ ಸಂಘದ ಹುಡುಗರು ಹೋಗುವ ಮೊದಲ ಮನೆ ಈ ಅಜ್ಜಿ ಕರಿಬಸಮ್ಮನದು. ಕಡೂರಿನಲ್ಲಿ, ಬೀರೂರಿನಲ್ಲಿ ತಮ್ಮವರ ಮನೆಗಳನ್ನೆಲ್ಲ ಬಿಟ್ಟು, ಅಜ್ಜಂಪುರ ದಾಟಿ ಶಿವನಿಗೆ ಹೋಗಿ, ಲಿಂಗ ಕಟ್ಟಿದವರ ಮನೆಯಂಗಳದಲ್ಲಿ ಹಾಡಿಯೇ ಹಿಂದಕ್ಕೆ ಬರಬೇಕು. ಯಾಕೆ ಎಂದು ಅವಳು ಹನ್ನೆರಡರ ವಯಸ್ಸಿನಿಂದ ಕೇಳಿದ್ದಳು. ಮಿತ್ರಣ್ಣ ಪ್ರತಿ ಸಲವೂ ನಕ್ಕು ಒಂದೇ ಮಾತು ಹೇಳುತ್ತಿದ್ದರು: "ಅದು ನಾನು ಓದಿದ ಸ್ಕೂಲು ಕಣಮ್ಮ."

ಯಾವ ಪಾಠ ಎಂದರೆ ಮಾತು ಬದಲಿಸುತ್ತಿದ್ದರು. ಜಯಶೀಲ ಮಾಸ್ತರೋ, ಶಿವನಿಯ ಹೆಸರೆತ್ತಿದರೆ ಮಂಡಿನೋವು ಎನ್ನುತ್ತಿದ್ದರು.

*

ಸಂಘಕ್ಕೆ ಸೇರಿದ ಹೊಸತರಲ್ಲಿ ಅನುಪಮಾಳಿಗೆ ಒಂದು ಹೆಮ್ಮೆ ಇತ್ತು. ತನ್ನ ಅಜ್ಜಿಯ ಬಾಯಿಂದ ಕೇಳಿ ಕೇಳಿ ಬೈಬಲಿನ ಕೀರ್ತನೆಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಕೇಳಿದರೆ ನಲ್ಲಿ ತಿರುಗಿಸಿದ ಹಾಗೆ ಸುರಿಸುತ್ತಿದ್ದಳು. ಮಿತ್ರಣ್ಣನ ಮುಂದೆಯೂ ಸುರಿಸಿದಳು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಬಾಳ ಚೆನ್ನಾಗಿ ಬರುತ್ತೆ ನಿಂಗೆ. ನಾಳೆ ನಂಜೊತೆ ಯಗಟಿಗೆ ಬಾ," ಎಂದರು.

ಯಗಟಿಯಲ್ಲಿ ಒಬ್ಬ ತಾಯಿ ತೀರಿಕೊಂಡಿದ್ದರು. ಅವರ ಮಗಳು ಅನುಪಮಾಳಷ್ಟೇ ದೊಡ್ಡವಳು. ಮಿತ್ರಣ್ಣ ಹೋಗಿ ಜಗಲಿಯ ತುದಿಯಲ್ಲಿ ಕೂತರು. ಪಕ್ಕದಲ್ಲಿ ಇವಳು. ಹೊತ್ತು ಏರಿತು, ಕುರಿಮಂದೆ ಒಂದು ದೂಳೆಬ್ಬಿಸಿಕೊಂಡು ಹಾದುಹೋಯಿತು, ಮಿತ್ರಣ್ಣ ತುಟಿ ಬಿಚ್ಚಲಿಲ್ಲ.

"ಅಣ್ಣಾ, ನಾನು ಒಂದು ಕೀರ್ತನೆ ಹೇಳ್ಲಾ?"

"ಬ್ಯಾಡ."

"ಮತ್ತೆ ಏನ್ ಮಾಡ್ಲಿ?"

"ಕೂತ್ಕೊ."

"ಕೂತಿದೀನಲ್ಲ!"

"ಇನ್ನೂ ಸ್ವಲ್ಪ ಕೂತ್ಕೊ."

ಮಧ್ಯಾಹ್ನ ಆ ಹುಡುಗಿ ತಾನಾಗಿ ಬಂದು ಅನುಪಮಾಳ ಪಕ್ಕ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ತಲೆ ಇವಳ ಹೆಗಲಿಗೆ ಒರಗಿತು. ನಿದ್ದೆ ಹೋದಳು. ಅವಳು ಎದ್ದುಬಿಟ್ಟಾಳು ಎಂದು ಅನುಪಮಾ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಮಿತ್ರಣ್ಣ ಕಡಲೆಕಾಯಿ ಕೊಡಿಸಿ, "ಇವತ್ತು ನೀನು ಹೇಳಿದ್ದು ದೊಡ್ಡ ಕೀರ್ತನೆ," ಎಂದರು. ಅವಳಿಗೆ ಅರ್ಥವಾಗಲಿಲ್ಲ. ಕಡಲೆಕಾಯಿ ಮಾತ್ರ ಚೆನ್ನಾಗಿತ್ತು.

*

ಬಿಸಿಲು ಶಾಮಿಯಾನದ ಅಂಚಿಗೆ ಬಂದಿತ್ತು. ಡ್ರೈವರ್ ಹುಸೇನ್ ಸಾಬರು ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು. ಮಿತ್ರಣ್ಣ ಟಿಕೆಟ್ ಹರಿದ ಬಸ್ಸುಗಳಲ್ಲಿ ಬಹುಪಾಲಿಗೆ ಸ್ಟೇರಿಂಗ್ ಹಿಡಿದವರು ಅವರೇ. ಅನುಪಮಾ ಅವರ ಕೈಗೆ ಟೀ ಕೊಟ್ಟು ಪಕ್ಕದಲ್ಲೇ ನಿಂತಳು.

"ಚಾಚಾ, ಆ ಶಿವನಿ ಮನೆ ವಿಷ್ಯ ನಿಮಗೆ ಗೊತ್ತಾ?"

"ಗೊತ್ತಾ ಅಂತೀಯಲ್ಲ! ಅವತ್ತು ವ್ಯಾನ್ ಓಡ್ಸಿದ್ದೇ ನಾನು." ಸಾಬರು ಟೀ ಹೀರಿದರು. "ನೀನು ನೋಡಿರೋ ಮಿತ್ರನೇ ಬ್ಯಾರೆ ಕಣಮ್ಮ. ಮುಂಚೆ ಏನ್ ಜೋರಿದ್ದ ಅಂತೀಯ. ಅವನು ಸೀಟಿ ಊದಿದ್ರೆ ಎಮ್ಮೆ ಸೈತ ರಸ್ತೆ ಬಿಡ್ತಿತ್ತು. ಅದೇ ಸೀಟೀನ ನಿಮ್ ಚರ್ಚ್ ಮಕ್ಕಳ ಮೇಲೂ ಊದೋನು. ಟಿಕೆಟ್ ಇಲ್ದೋರ್ನ ಬಸ್ಸಿಂದ ಇಳ್ಸೋ ಹಂಗೆ, ಬೈಬಲ್ ವಾಕ್ಯ ಬಾಯಿಗೆ ಬರ್ದೋರ್ನ ಹೊರಗ್ ಕಳಿಸ್ತಿದ್ದ."

"ಮಿತ್ರಣ್ಣಾನಾ?"

"ಅದೇ ಮಿತ್ರ. ನಾನೇ ಹೇಳ್ತಿದ್ದೆ, ಲೇ, ಅದು ದೇವರ ಮನೆಯೋ ಚೆಕಿಂಗ್ ಸ್ಕ್ವಾಡೋ ಅಂತ. ಕೇಳಿಸ್ಕೋತಿರ್ಲಿಲ್ಲ. ಆಮೇಲೆ ಬಂತು ನೋಡು ಆ ಸಂಜೆ."

*

ಇಪ್ಪತ್ತು ವರ್ಷದ ಹಿಂದಿನ ಡಿಸೆಂಬರು. ಶಿವನಿ ರೈಲ್ವೆ ಸ್ಟೇಷನ್ನಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಒಬ್ಬ ಕ್ರೈಸ್ತ ನೌಕರ, "ನಮ್ಮನೆಗೂ ಹಾಡಕ್ಕೆ ಬನ್ನಿ. ಸ್ಟೇಷನ್ ಹತ್ರಾನೇ. ಶಾಮಿಯಾನ ಹಾಕ್ಸಿ ಲೈಟ್ ಹಚ್ಚಿರ್ತೀವಿ," ಎಂದು ಹೇಳಿ ಕಳಿಸಿದ್ದ. ಮುಸ್ಸಂಜೆಗೆ ವ್ಯಾನು ಶಿವನಿಗೆ ಬಂದಾಗ ಸ್ಟೇಷನ್ನಿನ ಹತ್ತಿರ ಶಾಮಿಯಾನ ಹಾಕಿದ, ಟ್ಯೂಬ್‌ಲೈಟು ಉರಿಯುವ ಮನೆ ಕಂಡಿತು. ಅಂಗಳದ ತುಂಬ ಜನ. ನಡುವೆ ಗೋಡೆಗೆ ಒರಗಿ, ಶಾಲು ಹೊದ್ದು, ಹಾರ ಹಾಕಿಕೊಂಡು ಮನೆಯ ಯಜಮಾನರು ಕೂತಿದ್ದಾರೆ. ಎಂಥ ಸ್ವಾಗತ ಎಂದು ಮಿತ್ರಣ್ಣ ಹಿಗ್ಗಿಹೋದರು. ಫರ‍್ರನೆ ಸೀಟಿ ಊದಿದರು. ಡೋಲು ಬಿತ್ತು. ಮಿತ್ರಣ್ಣನೇ ಕಟ್ಟಿದ ಹಾಡು ಎದ್ದಿತು:

ಹಟ್ಟಿಯ ತುಂಬ ಬೆಳಕು ಬಂತು
ಏಳಿರೋ ಕುರುಬರೆ ಏಳಿರೋ

ಕೆಂಪು ನಿಲುವಂಗಿ, ಹತ್ತಿಯ ಗಡ್ಡ, ಮುಖವಾಡ ತೊಟ್ಟ ಕ್ರಿಸ್‌ಮಸ್ ತಾತ ಕುಣಿಯುತ್ತ ಒಳನುಗ್ಗಿದ.

ಮೊದಲು ಡೋಲಿನವನಿಗೆ ಗೊತ್ತಾಯಿತು. ಅವನ ಕೈ ನಿಂತಿತು. ಆಮೇಲೆ ಮುಂದಿನ ಸಾಲಿನ ಹುಡುಗಿಯರಿಗೆ. ಒಂದೊಂದೇ ದನಿ ಆರಿಹೋಯಿತು. ಮುಖವಾಡದ ಕಿರಿದಾದ ತೂತುಗಳಲ್ಲಿ ಏನೂ ಸರಿಯಾಗಿ ಕಾಣದ ತಾತನೊಬ್ಬ ಮಾತ್ರ ಕುಣಿಯುತ್ತಲೇ ಹೋಗಿ, ಯಜಮಾನರ ಮುಂದೆ ಬಗ್ಗಿ, ಮಡಿಲಿನಲ್ಲಿದ್ದ ಅವರ ಬಲಗೈಯಲ್ಲಿ ಒಂದು ಮಿಠಾಯಿ ಇಟ್ಟು ಕೈ ಕುಲುಕಿದ.

ಆ ಕೈ ತಣ್ಣಗಿತ್ತು.

ಅದು ರೈಲ್ವೆ ನೌಕರನ ಮನೆಯಲ್ಲ, ಕರಿಬಸಮ್ಮನ ಮನೆ. ಬೆಳಿಗ್ಗೆ ಪ್ರಾಣ ಬಿಟ್ಟ ಆಕೆಯ ಗಂಡ ಜಯದೇವಪ್ಪನವರನ್ನು, ಅವರ ಪದ್ಧತಿಯಂತೆ, ಸಿಂಗರಿಸಿ ಕೂರಿಸಿದ್ದರು.

*

"ಹೊಡ್ದೇ ಬಿಡ್ತಿದ್ರು," ಹುಸೇನ್ ಸಾಬರು ಖಾಲಿ ಲೋಟವನ್ನು ಕುರ್ಚಿಯ ಕೆಳಗಿಟ್ಟರು. "ಆ ಮನೆ ಹುಡುಗ್ರು ಎದ್ದೇ ಬಿಟ್ರು. ನಾನು ವ್ಯಾನ್ ಸ್ಟಾರ್ಟ್ ಮಾಡಿ ಇಟ್ಕೊಂಡಿದ್ದೆ."

"ಆ ತಾತನ ವೇಷ ಹಾಕಿದ್ದು ಯಾರು ಚಾಚಾ?"

ಸಾಬರು ಗೇಟಿನ ಕಡೆಗೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು. "ಅದೊಂದು ಕೇಳ್ಬೇಡ. ಯಾರಿಗೂ ಹೇಳಲ್ಲ ಅಂತ ಮಿತ್ರ ನನ್ ಕೈಲಿ ಆಣೆ ಹಾಕ್ಸಿದ್ದ. ಮುಂದಿಂದು ಒಳಗೋಗಿ ಅಜ್ಜೀನೇ ಕೇಳು."

ನಡುಮನೆಯಲ್ಲಿ ಕರಿಬಸಮ್ಮ ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ ಕೂತಿತ್ತು. ಮಿತ್ರಣ್ಣನ ಹೆಂಡತಿ ಸುಗುಣಮ್ಮನ ಕೈ ಅದರ ಕೈಯೊಳಗಿತ್ತು. ಅನುಪಮಾ ಎದುರಿಗೆ ಮಂಡಿಯೂರಿದಳು.

"ಅಜ್ಜೀ, ಅವತ್ತು ಬೈದು ಕಳಿಸ್ಲಿಲ್ವಾ ನೀವು?"

ಮುದುಕಿಗೆ ಯಾವ ದಿನ ಎಂದು ಬಿಡಿಸಿ ಹೇಳಬೇಕಾಗಲಿಲ್ಲ. "ಬೈಯಕ್ಕೆ ಬಾಯೇ ಬರ್ಲಿಲ್ಲ ಕಣವ್ವ. ಇವ್ನು," ಎಂದು ಪೆಟ್ಟಿಗೆಯತ್ತ ಗಲ್ಲ ಎತ್ತಿ ತೋರಿಸಿತು, "ಕೊರಳಿಂದ ಆ ಪೀಪಿ ಬಿಚ್ಚಿ ಜೇಬಿಗೆ ಹಾಕ್ಕೊಂಡ. ಬಂದು ನನ್ ಮುಂದೆ ನೆಲದ ಮೇಲೆ ಕೂತ. ತಪ್ಪಾಯ್ತು ಅಂತಾನೂ ಅನ್ಲಿಲ್ಲ. ಸುಮ್ನೆ ಕೂತ. ನಮ್ ಭಜನೆ ಮೇಳ ರೈಲಿಗೆ ಬರ್ಬೇಕಿತ್ತು, ರೈಲು ಲೇಟು. ಹಾಡಿಲ್ದೆ ನಮ್ ಯಜಮಾನ್ರು ಒಬ್ರೇ ಕೂತಂಗಿತ್ತು. ನಾನೇ ಅಂದೆ, ಯಾಕಪ್ಪ ನಿಲ್ಲಿಸ್ಬಿಟ್ರಿ, ಹಾಡ್ರಿ ಅಂತ."

"ಆಮೇಲೆ?"

"ಇದು ಹುಟ್ಟಿದ ಹಾಡು ಕಣಮ್ಮ ಅಂದ, ಅಳ್ತಾ. ಹುಟ್ಟಿದ ಹಾಡಾದ್ರೆ ಏನಾಯ್ತು, ಇವ್ರೂ ಒಂದಿನ ಹುಟ್ಟಿದ್ರು ತಾನೆ, ಹಾಡಪ್ಪ ಅಂದೆ. ಮಕ್ಳು ಮರಿ ಎಲ್ಲ ಕೂತ್ಕೊಂಡು, ಅದೇ ಹಾಡ್ನ ಮೆಲ್ಲಕೆ, ಜೋಗುಳ ಹಾಡ್ದಂಗೆ ಹಾಡುದ್ವು. ರೈಲು ಬರೋಗಂಟ."

"ಆ ಮಿಠಾಯಿ?"

ಕರಿಬಸಮ್ಮನ ಬೊಚ್ಚುಬಾಯಿ ಅಗಲವಾಯಿತು. "ಯಾರೂ ತೆಗೀಲಿಲ್ಲ. ಅವ್ರ ಜೊತೇಲೆ ಕಳಿಸ್ದೆ. ಸಕ್ರೆ ಕಾಯ್ಲೆ ಅಂತ ಹತ್ತು ವರ್ಸ ಒಂಚೂರು ಬೆಲ್ಲ ಮುಟ್ಟಕ್ಕೆ ಬಿಟ್ಟಿರ್ಲಿಲ್ಲ ನಾನು. ಯಾರೋ ಪುಣ್ಯಾತ್ಮ, ಕೊನೆಗಾದ್ರೂ ಕೊಟ್ಟ."

ಬಾಗಿಲ ಹತ್ತಿರ ಏನೋ ಸದ್ದಾಯಿತು. ಜಯಶೀಲ ಮಾಸ್ತರು ಹೊಸ್ತಿಲಲ್ಲಿ ನಿಂತಿದ್ದರು. ಅನುಪಮಾ ನೋಡುತ್ತಲೇ ಅವರು ಬೆನ್ನು ತಿರುಗಿಸಿ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು.

ಮೂರರ ಹೊತ್ತಿಗೆ ಅಯ್ಯನವರು ಬಂದರು. ಕೈಕಾಲು ತೊಳೆದು, ಬಿಳಿ ನಿಲುವಂಗಿ ತೊಟ್ಟು, ಪೆಟ್ಟಿಗೆಯ ತಲೆದೆಸೆಯಲ್ಲಿ ನಿಂತರು. ನಡುಮನೆ ತುಂಬಿತು, ಕಿಟಕಿಗಳಲ್ಲೂ ಮುಖಗಳು. ಚರ್ಚಿನ ಹುಡುಗರು ಪುಸ್ತಕ ಹಿಡಿದು ಗೋಡೆಗೆ ಒತ್ತಿ ನಿಂತರು. ಶಿವನಿಯ ಮೇಳದವರು ಅಂಗಳದಲ್ಲೇ ಉಳಿದಿದ್ದರು, ವಾದ್ಯಗಳ ಗವುಸು ಬಿಚ್ಚದೆ.

"ಮೊದಲು ಯಾವ ಹಾಡು ಅನುಪಮಾ?" ಅಯ್ಯನವರು ಮೆಲ್ಲಗೆ ಕೇಳಿದರು.

ಅವಳು ಪುಸ್ತಕ ಬಿಚ್ಚಿದಳು. ಆರಿಸಿಟ್ಟ ಹಾಡಿನ ಪುಟ ಅಲ್ಲೇ ಇತ್ತು. ಮಾಸ್ತರ ಕಣ್ಣು ತನ್ನ ಮೇಲಿದೆ ಎಂದು ಅವಳಿಗೆ ಗೊತ್ತಿತ್ತು, ಕಮಿಟಿಯ ಇನ್ನಿಬ್ಬರದೂ. ಮೇಳದವರು ಏನು ಹಾಡುತ್ತಾರೆಂದು ಗೊತ್ತಿರಲಿಲ್ಲ. ಓಂಕಾರೇಶನನ್ನು ಕೇಳಬಹುದಾಗಿತ್ತು. ಯಾಕೋ ಕೇಳಿರಲಿಲ್ಲ. ಸುಗುಣಮ್ಮನತ್ತ ನೋಡಿದಳು. ಅವರು ಇನ್ನೂ ಕರಿಬಸಮ್ಮನ ಕೈಯೊಳಗಿದ್ದ ತಮ್ಮ ಕೈಯನ್ನೇ ನೋಡುತ್ತ ಕೂತಿದ್ದರು.

ಅನುಪಮಾ ಪುಸ್ತಕ ಮುಚ್ಚಿದಳು.

"ಅಯ್ಯನವರೆ, ಮೊದಲು ಶಿವನಿಯೋರು ಹಾಡ್ತಾರೆ. ಆಮೇಲೆ ನಮ್ಮದು." ಹಾಗೆಂದವಳೇ ನೆಲದ ಮೇಲೆ ಕೂತಳು. ಪಕ್ಕದಲ್ಲಿದ್ದ ಹುಡುಗಿ ಗಾಬರಿಯಿಂದ, "ಅಕ್ಕ, ನಾವೇನ್ ಮಾಡ್ಬೇಕು?" ಎಂದಳು.

"ಕೂತ್ಕೊ."

"ಅನುಪಮಾ..." ಮಾಸ್ತರ ದನಿ ಅರ್ಧಕ್ಕೇ ನಿಂತಿತು. ಹುಡುಗರು ಒಬ್ಬೊಬ್ಬರಾಗಿ ಕೂತರು. ಅಯ್ಯನವರು ನಿಲುವಂಗಿಯ ಅಂಚು ಮಡಿಸಿಕೊಂಡು ತಾವೂ ಕುರ್ಚಿಗೆ ಒರಗಿದರು. ಅಂಗಳದಿಂದ ಮೇಳದವರು ಬಂದರು. ಓಂಕಾರೇಶ್ ಹಾರ್ಮೋನಿಯಂನ ತಿದಿ ಒತ್ತಿದ. ತಾಳ ಒಂದು ಸಲ ಮುಟ್ಟಿ ಬಿಟ್ಟಿತು.

ಹಟ್ಟಿಯ ತುಂಬ ಬೆಳಕು ಬಂತು
ಏಳಿರೋ ಕುರುಬರೆ ಏಳಿರೋ

ಫೆಬ್ರವರಿಯ ಬಿಸಿಲಿನಲ್ಲಿ ಡಿಸೆಂಬರಿನ ಹಾಡು. ಭಜನೆಯ ಧಾಟಿಗೆ ಒಗ್ಗಿ, ಹರಿಯದೆ, ನಿಂತು ನಿಂತು, ಒಬ್ಬ ಎತ್ತಿಕೊಟ್ಟದ್ದನ್ನು ಆರು ಜನ ಹಿಡಿದು ಹೇಳುವ ಹಾಡು. ಇಪ್ಪತ್ತು ವರ್ಷ ಕರಿಬಸಮ್ಮನ ಅಂಗಳದಲ್ಲಿ ನಿಂತು ಅವರು ಕೇಳಿಸಿಕೊಂಡದ್ದು. ಹೊರಗೆ ಹುಸೇನ್ ಸಾಬರು ತಲೆಯ ಟೋಪಿ ಸರಿಪಡಿಸಿಕೊಂಡು ಕಿಟಕಿಯ ಸರಳು ಹಿಡಿದರು.

ಹಾಡಿನ ನಡುವೆಯೇ ಕರಿಬಸಮ್ಮ ಸೊಂಟದ ಎಲೆಯಡಿಕೆ ಚೀಲವನ್ನು ಬಿಚ್ಚಿತು. ಸುಣ್ಣದ ಡಬ್ಬಿ, ಅಡಿಕೆ ಸರಿಸಿ, ಹಸಿರು ಕಾಗದ ಸುತ್ತಿದ ಒಂದು ಮಿಠಾಯಿ ತೆಗೆಯಿತು. ಏಳಲು ನೋಡಿತು, ಆಗಲಿಲ್ಲ. ತಲೆಯೆತ್ತಿ ಜನರ ನಡುವೆ ಹುಡುಕಿ, ಕ್ಯಾಲೆಂಡರಿನ ಹತ್ತಿರ ನಿಂತಿದ್ದವರನ್ನು ಬೆರಳು ಮಡಿಸಿ ಕರೆಯಿತು.

"ಬರ್ರಿ ಕೆಂಪಂಗಿಯೋರೆ. ಮುಖ ಮುಚ್ಕೊಂಡಿದ್ರೂ ಆ ನಡಿಗೆ ಮರೀತೀನಾ ನಾನು? ಕೊಡ್ರಿ ಇದ್ನ. ನಿಮಗೆ ರೂಢಿ ಐತೆ."

ಜಯಶೀಲ ಮಾಸ್ತರು ಅಲುಗಾಡಲಿಲ್ಲ. ಆಮೇಲೆ ಒಂದು ಹೆಜ್ಜೆ ಬಂದರು, ಇನ್ನೊಂದು ಹೆಜ್ಜೆ. ಹುಡುಗರು ಕಾಲು ಮಡಿಸಿಕೊಂಡು ದಾರಿ ಬಿಟ್ಟರು. ಮುದುಕಿಯ ಅಂಗೈಯಿಂದ ಮಿಠಾಯಿ ತೆಗೆದುಕೊಳ್ಳುವಾಗ ಕಾಗದ ಸರಬರ ಎಂದಿತು. ಎದೆಯ ಮೇಲೆ ಜೋಡಿಸಿದ್ದ ಮಿತ್ರಣ್ಣನ ಬೆರಳುಗಳ ನಡುವೆ ಅದನ್ನು ಸಿಕ್ಕಿಸಲು ಅವರಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ, ಯಾರೂ ಹೇಳದೆ, ಆ ಕೈಯನ್ನು ಹಿಡಿದು ಕುಲುಕಿದರು.

ತಾಳ ತುಸು ಜೋರಾಯಿತು. ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಿದ್ದ ಅನುಪಮಾಳ ಕಣ್ಣಮಟ್ಟಕ್ಕೆ ಕಾಣುತ್ತಿದ್ದದ್ದು ಮಾಸ್ತರ ಪಾಲಿಶ್ ಹಾಕಿದ ಕರಿ ಬೂಟುಗಳು. ಅವುಗಳಲ್ಲೊಂದರ ತುದಿ ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು.